ಚೆನ್ನಕ್ಕನ ಮುಚ್ಚಳ

ನಮ್ಮ ಮನೆಯಲ್ಲಿ ಈಗ ಯಾವ ಪಾತ್ರೆಯ ಮೇಲೂ ಮುಚ್ಚಳ ನಿಲ್ಲುವುದಿಲ್ಲ. ಹಾಲಿನ ಪಾತ್ರೆಯದು ಮಂಚದ ಕೆಳಗೆ ಸಿಗುತ್ತದೆ, ಉಪ್ಪಿನಕಾಯಿ ಜಾಡಿಯದು ಅಳಿಯನ ಬೂಟಿನೊಳಗೆ. ನಿನ್ನೆ ತುಪ್ಪದ ಡಬ್ಬಿಯ ಮುಚ್ಚಳವನ್ನು ಹುಡುಕಿ ಹುಡುಕಿ ಸಾಕಾಗಿ, ದೀಪ ಹಚ್ಚೋಣವೆಂದು ದೇವರ ಮುಂದೆ ಕೂತರೆ, ಅದು ಅನ್ನಪೂರ್ಣೆಯ ತಲೆಯ ಮೇಲೆ ಕಿರೀಟದ ಹಾಗೆ ಕೂತಿತ್ತು. ಬೇರೆ ಕಾಲದಲ್ಲಾಗಿದ್ದರೆ ಮನೆಯ ಹೆಂಚು ಹಾರಿಹೋಗುವ ಹಾಗೆ ಕೂಗಾಡುತ್ತಿದ್ದೆ. ಈಗ ಕೂಗುವುದಿಲ್ಲ. ಹಾಲಿನ ಮೇಲೆ ಒಂದು ತಟ್ಟೆ ಮುಚ್ಚಿ, ಒಳಗೊಳಗೇ ನಗುತ್ತ ಓಡಾಡುತ್ತೇನೆ.

ಈ ಮುಚ್ಚಳದ ಕಳ್ಳತನವೆಲ್ಲ ನನ್ನ ಮೊಮ್ಮಗಳು ಗೌರಿಯದು. ಅವಳಿಗೆ ಮೂರು ತುಂಬಿದೆ. ಸಿಕ್ಕಿದ ಪಾತ್ರೆಯ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಚ್ಚಳ ಎತ್ತಿ, ಒಳಗೆ ಬಗ್ಗಿ ನೋಡುತ್ತಾಳೆ. ತಲೆಯೆತ್ತಿ ನಮ್ಮನ್ನು ನೋಡುತ್ತಾಳೆ. ಮತ್ತೆ ಒಳಗೆ ನೋಡುತ್ತಾಳೆ. ಮುಚ್ಚಳ ಹಾಕುತ್ತಾಳೆ. ಆಮೇಲೆ ಒಂದು ಮಾತು ಹೇಳುತ್ತಾಳೆ. ಆ ಮಾತು ಏನು ಅನ್ನುವುದನ್ನು ಸ್ವಲ್ಪ ತಡೆದು ಹೇಳುತ್ತೇನೆ. ತಡೆದು ಹೇಳುವುದರಲ್ಲಿರುವ ರುಚಿಯನ್ನು ನನಗೆ ತೋರಿಸಿಕೊಟ್ಟವಳು ಒಬ್ಬ ಟಿವಿ ನಟಿ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟ ನನಗೆ ಗುರು ಅಂತ ಯಾರಾದರೂ ಇದ್ದರೆ ಅವಳೇ.

ಅವಳ ಹೆಸರು ಕಮಲಾಕ್ಷಮ್ಮ. ಕಮಲಾಕ್ಷಮ್ಮ ಅಂದರೆ ನಿಮಗೆ ಗುರುತು ಹತ್ತುವುದಿಲ್ಲ, ನನಗೆ ಗೊತ್ತು. ಮೆಸ್ಸಿನ ಚೆನ್ನಕ್ಕ ಅಂದರೆ ನಿಮ್ಮ ಮನೆಯ ಹಿರಿಯರು ಯಾರಾದರೂ ನಕ್ಕಾರು. ಟಿವಿಯಲ್ಲಿ ಒಂದೇ ಒಂದು ಚಾನೆಲ್ ಇದ್ದ ಕಾಲ ಅದು. ಆಗ ನಾವು ಅರಸೀಕೆರೆಯಲ್ಲಿದ್ದೆವು. ನಮ್ಮ ಯಜಮಾನರಿಗೆ ಸೈಕಲ್ ಶಾಪು. ನಮ್ಮ ಬೀದಿಗೆಲ್ಲ ಟಿವಿ ಇದ್ದದ್ದು ನಮ್ಮ ಮನೆಯಲ್ಲಿ, ಹಾಗಾಗಿ ಚೆನ್ನಕ್ಕ ಬರುವ ಸಂಜೆ ನಮ್ಮ ಮನೆಯ ನಡುಮನೆಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಯಜಮಾನರು ಮಾಡಿನ ಮೇಲೆ ನಿಂತು ಆಂಟೆನಾ ತಿರುಗಿಸುತ್ತಿದ್ದರು. ಕೆಳಗಿನಿಂದ ನಾವು "ಬಂತು, ಬಂತು, ಹೋಯ್ತು" ಅಂತ ಕೂಗುತ್ತಿದ್ದೆವು. ಪಾಪ, ಎಷ್ಟೋ ಕಂತುಗಳನ್ನು ಅವರು ಮಾಡಿನ ಮೇಲಿಂದ ನಮ್ಮ ನಗುವಿನ ಮೂಲಕವೇ ನೋಡಿದರು.

ಕಥೆಯಲ್ಲಿ ಏನೂ ಇರಲಿಲ್ಲ. ಚೆನ್ನಕ್ಕ ಒಂಟಿ ಗಂಡಸರಿಗೆ ಊಟ ಹಾಕುವ ಮೆಸ್ಸು ನಡೆಸುತ್ತಾಳೆ. ಒಬ್ಬ ಮೇಷ್ಟ್ರು, ಒಬ್ಬ ಗುಮಾಸ್ತ, ಮದುವೆಯಾಗದ ಒಬ್ಬ ಕಂಪೌಂಡರ್, ಹೀಗೆ ಊಟಕ್ಕೆ ಬರುವವರು. ಸಾರು ಯಾವಾಗಲೂ ನೀರು. ದಿನಾ ಯಾರಾದರೊಬ್ಬರು ಎಲೆಯ ಮುಂದೆ ಕೂತು ಕೇಳುತ್ತಾರೆ: "ಚೆನ್ನಕ್ಕಾ, ಇವತ್ತು ಸಾರು ಏನು?" ಆಗ ಚೆನ್ನಕ್ಕ ಮುಚ್ಚಳ ಎತ್ತಿ ಪಾತ್ರೆಯೊಳಗೆ ನೋಡುತ್ತಾಳೆ. ಕೇಳಿದವನ ಮುಖ ನೋಡುತ್ತಾಳೆ. ಮತ್ತೆ ಪಾತ್ರೆಯೊಳಗೆ ನೋಡುತ್ತಾಳೆ, ಬೇಳೆ ಏನಾದರೂ ಕಂಡೀತೋ ಅನ್ನುವ ಆಸೆಯಿಂದ. ಮೆಲ್ಲಗೆ ಮುಚ್ಚಳ ಹಾಕುತ್ತಾಳೆ. ಸುಮ್ಮನಿರುತ್ತಾಳೆ. ಇನ್ನೂ ಸುಮ್ಮನಿರುತ್ತಾಳೆ. ನಮ್ಮ ನಡುಮನೆಯಲ್ಲಿ ಉಸಿರಾಡುವ ಸದ್ದೂ ಇರುತ್ತಿರಲಿಲ್ಲ. ಆಮೇಲೆ ಹೇಳುತ್ತಾಳೆ:

"ಬಿಸಿ ಇದೆ."

ಅಷ್ಟೇ. ನೋಡಿ, ಬರೆದರೆ ಏನೂ ಇಲ್ಲ. ಆದರೆ ನಾವು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆವು. ಮುಂದಿನ ವಾರವೂ ಅದೇ ಹೇಳುತ್ತಾಳೆ ಅಂತ ಗೊತ್ತಿದ್ದೂ ನಗುತ್ತಿದ್ದೆವು, ಗೊತ್ತಿದ್ದದ್ದರಿಂದಲೇ ಹೆಚ್ಚು ನಗುತ್ತಿದ್ದೆವು. ಆ ಎರಡು ಮಾತು ಅರಸೀಕೆರೆಯಲ್ಲಿ ಗಾದೆಯಂತಾಗಿಬಿಟ್ಟಿತ್ತು. ಮಗನ ಪರೀಕ್ಷೆ ಏನಾಯಿತು ಅಂತ ಕೇಳಿದರೆ, ಫೇಲಾದ ಮಗನ ಅಪ್ಪ "ಬಿಸಿ ಇದೆ" ಅನ್ನುತ್ತಿದ್ದರು.

ಕಮಲಾಕ್ಷಮ್ಮನ ಸ್ವಂತ ಕಥೆ ನನಗೆ ತಿಳಿದದ್ದು ಎಷ್ಟೋ ವರ್ಷದ ಮೇಲೆ. ಟಿವಿಯಲ್ಲಿ ಅವಳ ಸಂದರ್ಶನ ಬಂತು. ಅದೇ ಸುಮಾರಿಗೆ ಒಂದು ವಾರಪತ್ರಿಕೆಯಲ್ಲೂ ಬರೆದಿದ್ದರು, ನನ್ನ ಮಗಳು ಸುಮಾ ಓದಿ ಹೇಳಿದಳು. ಕಮಲಾಕ್ಷಮ್ಮನ ತಾಯಿ ಊರೂರು ತಿರುಗುವ ನಾಟಕ ಕಂಪನಿಯಲ್ಲಿ ಅಡುಗೆಯವಳಾಗಿದ್ದಳಂತೆ. ಹಂಡೆ, ಕೊಪ್ಪರಿಗೆಗಳ ನಡುವೆಯೇ ಮಗು ಬೆಳೆಯಿತು. ಕಂಪನಿಯಲ್ಲಿ ಮಕ್ಕಳ ಪಾತ್ರ ಬಂದಾಗಲೆಲ್ಲ ಅಡುಗೆಯವಳ ಮಗಳನ್ನೇ ಎಳೆದುಕೊಂಡು ಹೋಗಿ ನಿಲ್ಲಿಸುತ್ತಿದ್ದರು. ಹರಿಶ್ಚಂದ್ರನ ಕಥೆ ಆಡುವಾಗ ಹಾವು ಕಚ್ಚಿ ಸತ್ತ ರಾಜಕುಮಾರನಾಗಿ ಮಲಗುವುದು ಅವಳ ಕೆಲಸ. ಒಂದು ಸಲ, ನಾಟಕದ ತಾಯಿ ಎದೆ ಬಡಿದುಕೊಂಡು ಅಳುತ್ತಿದ್ದಾಗ, ಜನರೆಲ್ಲ ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಾಗ, ಸತ್ತ ಮಗುವಿಗೆ ಸೊಳ್ಳೆ ಕಚ್ಚಿತು. ಸತ್ತ ಮಗು ಮೊಣಕಾಲು ಕೆರೆದುಕೊಂಡಿತು. ಜನ ಬಿದ್ದು ಬಿದ್ದು ನಕ್ಕರಂತೆ. "ನಾನು ಮೊದಲ ಸಲ ಜನರನ್ನ ನಗಿಸಿದ್ದು ಹೆಣವಾಗಿ" ಅಂತ ಅವಳು ಸಂದರ್ಶನದಲ್ಲಿ ಹೇಳಿದಳು. ನಾನೀಗ ಕಾಶಿಯಲ್ಲಿದ್ದೇನೆ, ದಿನಾ ಅದೇ ರಾಜನ ಹೆಸರಿನ ಘಾಟಿನ ಪಕ್ಕ ನಡೆದುಹೋಗುತ್ತೇನೆ. ಅಲ್ಲಿ ಚಿತೆಗಳು ಉರಿಯುತ್ತಿರುತ್ತವೆ. ನಾನು ಸೊಳ್ಳೆ ನೆನೆಸಿಕೊಂಡು ತುಟಿ ಕಚ್ಚಿಕೊಂಡು ಹೋಗುತ್ತೇನೆ. ಶಿವ ಕ್ಷಮಿಸಲಿ.

ಆ ತಡೆಯುವ ಕಲೆ ಅವಳಿಗೆ ಬಂದದ್ದೂ ಹೀಗೇ, ಒಂದು ಎಡವಟ್ಟಿನಿಂದ. ವಯಸ್ಸಿಗೆ ಬಂದ ಮೇಲೆ ಅವಳಿಗೆ ದಾಸಿಯ ಪಾತ್ರ ಕೊಟ್ಟರು. ಓಡಿ ಬಂದು ರಾಣಿಗೆ ಒಂದು ಸುದ್ದಿ ಹೇಳಬೇಕು. ಓಡಿ ಬಂದಳು, ಮಾತು ಮರೆತುಹೋಯಿತು. ರಾಣಿಯ ಮುಖ ನೋಡಿದಳು. ಕೆಳಗೆ ಹಾರ್ಮೋನಿಯಂ ಮಾಸ್ತರ ಮುಖ ನೋಡಿದಳು. ಮತ್ತೆ ರಾಣಿಯ ಮುಖ ನೋಡಿದಳು. ಮಾಸ್ತರು ಗಾಬರಿಯಾಗಲಿಲ್ಲ, ಒಂದೇ ಸ್ವರವನ್ನು ಒತ್ತಿ ಹಿಡಿದು, ಎಳೆದು, ಅವಳಿಗೆ ಮಾತು ನೆನಪಾಗುವವರೆಗೂ ಬಿಡಲಿಲ್ಲ. ಜನ ಇದೆಲ್ಲ ನಾಟಕವೇ ಅಂದುಕೊಂಡು ನಗಲು ಶುರುಮಾಡಿದರು. ಕೊನೆಗೆ ಮಾತು ಬಂದಾಗ ಚಪ್ಪಾಳೆಗೆ ಟೆಂಟು ಹಾರಿಹೋಗುವುದೊಂದು ಬಾಕಿ. ಮಾರನೆಯ ದಿನ ಕಂಪನಿಯ ಮಾಲೀಕ ಕರೆದು "ಇವತ್ತೂ ಹಾಗೇ ಮರೀಬೇಕು ನೋಡು" ಅಂದನಂತೆ. ಆ ಹಾರ್ಮೋನಿಯಂ ಮಾಸ್ತರನ್ನೇ ಅವಳು ಮದುವೆಯಾದಳು. ಯಾಕೆ ಅಂತ ಸಂದರ್ಶನದವರು ಕೇಳಿದ್ದಕ್ಕೆ ಅವಳು ಹೇಳಿದ್ದು: "ಎಲ್ಲರೂ ಬೇಗ ಹೇಳು, ಬೇಗ ಹೇಳು ಅನ್ನೋರು. ನನಗೋಸ್ಕರ ಕಾದವರು ಅವರೊಬ್ಬರೇ."

ಇದನ್ನು ಕೇಳಿ ನಾನು, ಒಂದು ಕಾಲದಲ್ಲಿ ನಮಗಾಗಿ ಆಂಟೆನಾ ತಿರುಗಿಸುತ್ತಿದ್ದ ನಮ್ಮ ಯಜಮಾನರ ಕಡೆ ನೋಡಿದ್ದೆ. ಅವರು ನಿದ್ದೆ ಹೋಗಿದ್ದರು.

ಕಂಪನಿ ಮುಚ್ಚಿದ ಮೇಲೆ ಅವಳು ರೇಡಿಯೋ ನಾಟಕಕ್ಕೆ ಹೋದಳು. ಅಲ್ಲಿ ಅವಳು ಸುಮ್ಮನಾದರೆ ಕೇಳುವವರು ಯಂತ್ರ ಕೆಟ್ಟಿತೆಂದು ರೇಡಿಯೋ ತಟ್ಟುತ್ತಿದ್ದರಂತೆ. ತಲೆ ನರೆತ ಮೇಲೆ ಟಿವಿ ಬಂತು, ಚೆನ್ನಕ್ಕ ಬಂದಳು, ನಾಡೆಲ್ಲ ನಕ್ಕಿತು. ಆಮೇಲೆ ಚಾನೆಲ್ಲುಗಳು ನೂರಾದವು. ಧಾರಾವಾಹಿಗಳಲ್ಲಿ ಸೊಸೆಯಂದಿರು ಅಳಲು ಶುರುಮಾಡಿದರು. ಅವಳಿಗೆ ಕೆಟ್ಟ ಅತ್ತೆಯ ಪಾತ್ರ ಕೊಟ್ಟು ನೋಡಿದರು. ಸೊಸೆಯ ಹಾಲಿಗೆ ವಿಷ ಹಾಕುವ ಮೊದಲು ಅವಳು ಪಾತ್ರೆಯ ಮುಚ್ಚಳ ಎತ್ತಿದ್ದೇ ತಡ, ಮನೆ ಮನೆಗಳಲ್ಲಿ ಜನ ನಕ್ಕುಬಿಟ್ಟರು. ಅಲ್ಲಿಗೆ ಅವಳ ಕೆಲಸ ಮುಗಿಯಿತು. "ಈಗ ಯಾರಿಗೂ ಕಾಯೋ ಪುರುಸೊತ್ತಿಲ್ಲ" ಅಂತ ಸಂದರ್ಶನದ ಕೊನೆಗೆ ಹೇಳಿದಳು. ಹೇಳುವ ಮೊದಲು ಸ್ವಲ್ಪ ತಡೆದೇ ಹೇಳಿದಳು.

ಇನ್ನು ಕಾಶಿಗೆ ಬರೋಣ. ಮುದುಕಿಯೊಬ್ಬಳು ಕಾಶಿಗೆ ಹೋಗಿ ಕೂತಳು ಅಂದರೆ ಊರಿನವರು ಅರ್ಥ ಮಾಡಿಕೊಳ್ಳುವುದು ಒಂದನ್ನೇ. ನಾನು ಬಂದದ್ದು ಅದಕ್ಕಲ್ಲ. ಅಳಿಯ ಗಿರೀಶನಿಗೆ ರೈಲ್ವೆಯಲ್ಲಿ ಕೆಲಸ, ಕರ್ನಾಟಕದಿಂದ ಇಲ್ಲಿಗೆ ವರ್ಗವಾಯಿತು. ಭೇಲೂಪುರದಲ್ಲಿ ಬಾಡಿಗೆಗೆ ಮನೆ. ಮದುವೆಯಾಗಿ ಎಷ್ಟೋ ವರ್ಷಕ್ಕೆ, ಇನ್ನಿಲ್ಲ ಅಂದುಕೊಂಡ ಮೇಲೆ, ಸುಮಾಗೆ ಗೌರಿ ಹುಟ್ಟಿದಳು. ಮಗುವಿಗೆ ಎರಡು ತುಂಬಿದರೂ ಒಂದು ಮಾತೂ ಬಾರದಿದ್ದಾಗ ಸುಮಾ ಫೋನು ಮಾಡಿ "ಅಮ್ಮ, ನೀನು ಬಾ" ಅಂದಳು. ಯಜಮಾನರು ತೀರಿಕೊಂಡ ಮೇಲೆ ಊರಿನಲ್ಲಿ ಒಬ್ಬಳೇ ಇದ್ದೆ. ನಾನು ಗಂಟು ಕಟ್ಟಿದೆ.

ಗೌರಿಗೆ ಎಲ್ಲ ಅರ್ಥವಾಗುತ್ತಿತ್ತು. ನೀರು ಬೇಕಾದರೆ ನನ್ನ ಕೈಹಿಡಿದು ಎಳೆದುಕೊಂಡು ಹೋಗಿ ಬಿಂದಿಗೆ ಮುಟ್ಟಿಸುತ್ತಿದ್ದಳು. ನಗುತ್ತಿದ್ದಳು, ಅಳುತ್ತಿದ್ದಳು, ಮಾತು ಮಾತ್ರ ಇಲ್ಲ. ನಾನು ಊರಿನಿಂದ ತಂದ ಬಜೆಯನ್ನು ತೇದು ನಾಲಿಗೆಗೆ ಹಚ್ಚಿದೆ. ಎತ್ತಿಕೊಂಡು ಹೋಗಿ ಕೇದಾರೇಶ್ವರನ ಗುಡಿಯ ಗಂಟೆ ಬಾರಿಸಿದೆ. ತರಕಾರಿ ಮಾರುವ ಹೆಂಗಸು "ಚಿಂತಾ ಮತ್ ಕರೋ ಮಾತಾಜಿ, ಗಿಳಿ ಕಚ್ಚಿದ ಹಣ್ಣು ತಿನ್ನಿಸಿ" ಅಂದಳು. ಸೀಬೆಹಣ್ಣಿನ ಗಾಡಿಯವನ ಹತ್ತಿರ ಗಿಳಿ ಕಚ್ಚಿದ್ದೇ ಬೇಕು ಅಂತ ಹಠ ಹಿಡಿದು ಬೈಸಿಕೊಂಡೆ. ಗಿರೀಶ ವಾರಕ್ಕೊಮ್ಮೆ ಒಂದೇ ಮಾತು ಹೇಳುತ್ತಿದ್ದ: "ನಮ್ಮ ದೊಡ್ಡಪ್ಪ ಐದು ವರ್ಷಕ್ಕೆ ಮಾತಾಡಿದ್ದಂತೆ ಅತ್ತೆ."

"ಆಮೇಲೆ?"

"ಆಮೇಲೆ ನಿಲ್ಲಿಸಲೇ ಇಲ್ಲ."

ಮೊದಮೊದಲು ನಗುತ್ತ ಹೇಳುತ್ತಿದ್ದವನು ಬರಬರುತ್ತ ತಟ್ಟೆ ನೋಡಿಕೊಂಡು ಹೇಳತೊಡಗಿದ. ಸುಮಾ ಅಡುಗೆಮನೆಯಲ್ಲಿ ನಲ್ಲಿ ಜೋರಾಗಿ ಬಿಟ್ಟುಕೊಂಡು ಪಾತ್ರೆ ತೊಳೆಯುತ್ತಿದ್ದಳು. ಅಷ್ಟು ನೀರು ಪಾತ್ರೆಗಲ್ಲ ಅಂತ ನನಗೆ ಗೊತ್ತಿತ್ತು. ಈ ಊರಿನಲ್ಲಿ ಸಾಯುವವರ ಕಿವಿಯಲ್ಲಿ ಶಿವನೇ ಬಂದು ಕೊನೆಯ ಮಾತು ಹೇಳುತ್ತಾನಂತೆ. ಕೊನೆಯ ಮಾತಿಗೆ ಹೆಸರಾದ ಊರಿನಲ್ಲಿ ನಾವು ಮೂವರು ಮೊದಲ ಮಾತಿಗೆ ಬಾಯಿ ನೋಡುತ್ತ ಕೂತಿದ್ದೆವು.

ಭೇಲೂಪುರದಲ್ಲೇ ಒಬ್ಬ ಡಾಕ್ಟರಮ್ಮ ಇದ್ದಾರೆ, ಮಾತು ಬಾರದ ಮಕ್ಕಳನ್ನು ನೋಡುವವರು. ಒಳ್ಳೆಯ ಹೆಂಗಸು. ಕಿವಿ ಪರೀಕ್ಷೆ ಮಾಡಿಸಿ, ಕಿವಿ ಚೆನ್ನಾಗಿದೆ ಅಂದರು. ಮಗುವಿನ ಕೈಗೆ ಮೊಬೈಲು ಕೊಡಬೇಡಿ, ನಿಮಗೆ ಬರುವ ಭಾಷೆಯಲ್ಲೇ ಮಾತಾಡಿ, ಮಾತಾಡಿ ಸ್ವಲ್ಪ ನಿಲ್ಲಿ ಅಂದರು. "ಬೋಲಿಯೇ, ಫಿರ್ ರುಕಿಯೇ" ಅಂತ ನನಗೆ ಕೈಸನ್ನೆ ಮಾಡಿ ತೋರಿಸಿದರು. ನನ್ನ ಕಿವಿಗೆ ಬೋಲಿಯೇ ಹೋಯಿತು, ರುಕಿಯೇ ಹೋಗಲಿಲ್ಲ. ಬೆಳಗಿನಿಂದ ಸಂಜೆಯವರೆಗೆ ನಾನು ಮಾತಾಡಿದ್ದೇ ಮಾತಾಡಿದ್ದು. ಅಕ್ಕಿ ತೊಳೆಯುತ್ತಾ ಅಕ್ಕಿಯ ಕಥೆ, ಬೀದಿಯಲ್ಲಿ ಹಸು ಹೋದರೆ ಹಸುವಿನ ಕಥೆ. ನಡುವೆ ಒಂದು ಸೂಜಿ ತೂರಿಸಲೂ ಸಂದಿಲ್ಲ. ಮಗುವಿನದೇನು ತಪ್ಪು ಹೇಳಿ, ನನ್ನಂಥ ಅಜ್ಜಿ ಇದ್ದರೆ ದೊಡ್ಡವರಿಗೂ ಬಾಯಿ ತೆರೆಯಲು ಅವಕಾಶ ಸಿಗುವುದಿಲ್ಲ.

ಮಧ್ಯಾಹ್ನ ಮಗು ಮಲಗಿದಾಗ ನನಗೆ ಒಂದೇ ಒಂದು ಸುಖ. ಯಾರೋ ಪುಣ್ಯಾತ್ಮರು ಚೆನ್ನಕ್ಕನ ಹಳೆಯ ಕಂತುಗಳನ್ನೆಲ್ಲ ಮೊಬೈಲಿನಲ್ಲಿ ಸಿಗುವ ಹಾಗೆ ಮಾಡಿದ್ದಾರೆ. ಸುಮಾ ಹಾಕಿಕೊಡುತ್ತಿದ್ದಳು. ನಾನು ದನಿ ಸಣ್ಣಗೆ ಮಾಡಿಕೊಂಡು, ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದೆ. ಆ ಮನೆಯಲ್ಲಿ ಆಗ ನಗು ಅಂತ ಇದ್ದದ್ದು ಅಷ್ಟೇ.

ಅದನ್ನೂ ನಾನು ಬಿಟ್ಟೆ.

ಕಾಶಿಗೆ ಬಂದವರು ತಮಗೆ ಇಷ್ಟವಾದ ಒಂದು ಹಣ್ಣನ್ನೋ ತರಕಾರಿಯನ್ನೋ ಬಿಡಬೇಕು ಅನ್ನುವ ಪದ್ಧತಿ ನಿಮಗೆ ಗೊತ್ತೇ ಇದೆ. ಕೇದಾರ ಘಾಟಿನ ಹತ್ತಿರ ಒಂದು ಕೋಣೆಯಲ್ಲಿರುವ ನೀಲವ್ವ, ಗದಗಿನ ಕಡೆಯವರು, ನನಗೆ ಇಲ್ಲಿ ಇರುವ ಒಬ್ಬಳೇ ಗೆಳತಿ, ಬಿಟ್ಟದ್ದು ಹಾಗಲಕಾಯಿ. "ನಿಮಗೆ ಹಾಗಲಕಾಯಿ ಅಷ್ಟು ಇಷ್ಟವಾ?" ಅಂದೆ. "ಇಷ್ಟ ಇದ್ದದ್ದ ಬಿಟ್ಟರ ಆಮ್ಯಾಲ ತಿನ್ನೂದೇನವ್ವಾ?" ಅಂದರು. ನೀಲವ್ವ ಸಾಯಲೆಂದು ಕಾಶಿಗೆ ಬಂದು ಬಹಳ ಕಾಲವಾಯಿತು. ಆರೋಗ್ಯ ದಿನದಿನಕ್ಕೆ ಸುಧಾರಿಸುತ್ತಿದೆ. "ಸಾಯಾಕಂತ ಬಂದೀನಿ, ಆದ್ರ ಇಲ್ಲಿ ಲಸ್ಸಿ ಭಾಳ ಛಲೋ ಐತಿ" ಅನ್ನುತ್ತಾರೆ.

ನನ್ನ ಸಂಕಲ್ಪ ಮಾಡಿಸಿದವರು ಅಲ್ಲಿಯೇ ಇರುವ ಶಾಸ್ತ್ರಿಗಳು. ಅಜ್ಜನ ಕಾಲದಿಂದ ಕಾಶಿಯಲ್ಲಿರುವ ಕನ್ನಡದವರು. ಮಾತಿನಲ್ಲಿ ಅರ್ಧ ಹಿಂದಿ. ಸೊಂಟದವರೆಗೆ ನೀರಿನಲ್ಲಿ ನಿಲ್ಲಿಸಿ, ಬೊಗಸೆಗೆ ಗಂಗೆ ತುಂಬಿಸಿ, "ಬೋಲೋ ಅಮ್ಮ, ಏನು ಬಿಡ್ತೀರಿ?" ಅಂದರು. ಮಾವಿನಹಣ್ಣು ಅನ್ನೋಣವೆಂದು ಬಾಯಿ ತೆರೆದೆ. ಆದರೆ ಅದು ಲಂಗಡಾ ಮಾವಿನ ಕಾಲ, ಬರುವಾಗಲೇ ದಾರಿಯಲ್ಲಿ ಅದರ ವಾಸನೆ ಕುಡಿದುಕೊಂಡು ಬಂದಿದ್ದೆ, ನಾಲಿಗೆ ಒಪ್ಪಲಿಲ್ಲ. ಮತ್ತೆ ಮನಸ್ಸಿಗೆ ಬಂತು: ಮಾವಿನಹಣ್ಣಿನಷ್ಟು ಸಣ್ಣದನ್ನು ಕೊಟ್ಟು ಮಗುವಿನ ಮಾತಿನಷ್ಟು ದೊಡ್ಡದನ್ನು ಹೇಗೆ ಕೇಳುವುದು? ಕಣ್ಣು ಮುಚ್ಚಿ, "ಚೆನ್ನಕ್ಕನ್ನ ಬಿಟ್ಟೆ, ನಮ್ಮ ಗೌರಿ ಮಾತಾಡಲಿ" ಅಂತ ನೀರು ಬಿಟ್ಟೆ.

ಶಾಸ್ತ್ರಿಗಳು ನನ್ನ ಮುಖ ನೋಡಿದರು. "ಅದು ಯಾವ ತರಕಾರಿ?"

ವಿವರಿಸಿದೆ. ಅವರು ತಲೆ ಕೆರೆದುಕೊಂಡರು. ಹಿಂದೆ ನಿಂತಿದ್ದ ನೀಲವ್ವ, "ನಿನಗ ಬುದ್ಧಿ ಐತೇನು? ಮಂದಿ ಬದನಿಕಾಯಿ ಬಿಡ್ತಾರ, ನೀ ನಗೂದ ಬಿಟ್ಟಿಯಲ್ಲ" ಅಂದರು. ಶಾಸ್ತ್ರಿಗಳು "ಸಂಕಲ್ಪ ಹೋ ಗಯಾ ಅಮ್ಮ, ಈಗ ವಾಪಸ್ ಇಲ್ಲ" ಅಂದರು. ಮಾತಿಗಾಗಿ ರಾಜ್ಯವನ್ನೇ ಬಿಟ್ಟವನ ಘಾಟಿನ ಪಕ್ಕದಲ್ಲೇ ಒದ್ದೆ ಸೀರೆಯಲ್ಲಿ ನಡೆದು ಬಂದೆ. ಅವನಿಗಾದರೂ ಮಧ್ಯಾಹ್ನ ಹೊತ್ತು ಕಳೆಯಲು ಸ್ಮಶಾನದ ಕೆಲಸವಿತ್ತು. ನನಗೆ ಅದೂ ಇರಲಿಲ್ಲ.

ಮಧ್ಯಾಹ್ನಗಳು ಬಹಳ ಉದ್ದವಾದವು. ಕೈ ಸುಮ್ಮನಿರುತ್ತಿರಲಿಲ್ಲ. ಒಂದು ದಿನ ಗೌರಿಗೆ ಊಟ ಮಾಡಿಸುವಾಗ, ಅವಳು ಬಾಯಿ ಬಿಗಿಹಿಡಿದು ಕೂತಿದ್ದಾಗ, ನನಗೆ ಗೊತ್ತಿಲ್ಲದೆಯೇ ತಿಳಿಸಾರಿನ ಪಾತ್ರೆಯ ಮುಚ್ಚಳ ಎತ್ತಿದೆ. ಒಳಗೆ ನೋಡಿದೆ. ಅವಳನ್ನು ನೋಡಿದೆ. ಮತ್ತೆ ಒಳಗೆ ನೋಡಿದೆ. "ಬಿಸಿ ಇದೆ" ಅಂದೆ. ಮಗು ಕಿಲಕಿಲ ನಕ್ಕಿತು. ನಕ್ಕ ಬಾಯಿಗೆ ತುತ್ತು ಹೋಯಿತು.

ಅಂದಿನಿಂದ ಅದು ದಿನದ ಕಾರ್ಯಕ್ರಮವಾಯಿತು. ನಾನೇ ಮೇಷ್ಟ್ರು, ನಾನೇ ಗುಮಾಸ್ತ, ನಾನೇ ಚೆನ್ನಕ್ಕ. "ಇವತ್ತು ಸಾರು ಏನು?" ಅಂತ ಮೂಗಿನಲ್ಲಿ ಕೇಳುವುದು, ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ ಮುಚ್ಚಳ ಎತ್ತುವುದು. ಒಂದು ಸಂಗತಿ ನನಗೆ ಹೊಳೆಯಲೇ ಇಲ್ಲ. ದಿನವೆಲ್ಲ ಬಾಯಿಗೆ ಬೀಗವಿಲ್ಲದ ಈ ಮುದುಕಿ ನಿಜವಾಗಿ ಸುಮ್ಮನಿರುತ್ತಿದ್ದದ್ದು, ಮುಚ್ಚಳ ಎತ್ತಿ ಹಾಕುವ ಆ ಹೊತ್ತಿನಲ್ಲಿ ಮಾತ್ರ. ಡಾಕ್ಟರಮ್ಮ ಹೇಳಿದ ರುಕಿಯೇ ಅಲ್ಲಿತ್ತು. ಆದರೂ ಆಗ ನಾನು ಬಹಳ ಹೊತ್ತು ಕಾಯುತ್ತಿರಲಿಲ್ಲ. ಚೆನ್ನಕ್ಕನ ಹಾಗೆ ತಡೆಯಲು ಎದೆ ಗಟ್ಟಿ ಬೇಕು.

ನನ್ನನ್ನು ತಡೆದು ನಿಲ್ಲಿಸಿದ್ದು ಒಂದು ಕೋತಿ.

ಕಾಶಿಯ ಕೋತಿಗಳಿಗೆ ಮನೆ ನಿಮ್ಮದು ಅನ್ನುವ ತಿಳಿವಳಿಕೆ ಇಲ್ಲ. ಅಡುಗೆಮನೆಯ ಕಿಟಕಿಗೆ ಸರಳು ಹಾಕಿಸಿದ್ದೆವು, ಒಂದು ಸರಳು ಸಡಿಲವಾಗಿತ್ತು. ಆ ಮಧ್ಯಾಹ್ನ ನಾನು ಕಿಟಕಿಯ ಕೆಳಗೆ ಕೂತು ಗೌರಿಗೆ ಊಟ ಮಾಡಿಸುತ್ತಿದ್ದೆ. ಸುಮಾ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುತ್ತಿದ್ದಳು. "ಇವತ್ತು ಸಾರು ಏನು?" ಅಂತ ಮೇಷ್ಟ್ರಾಗಿ ಕೇಳಿ, ಮುಚ್ಚಳ ಎತ್ತಿದೆ. ಅಷ್ಟರಲ್ಲಿ ಸರಳಿನ ಸಂದಿಯಿಂದ ಕೂದಲು ತುಂಬಿದ ಉದ್ದನೆಯ ಕೈಯೊಂದು ಒಳಗೆ ಬಂತು, ನನ್ನ ಮೂಗಿನ ಮುಂದೆಯೇ, ಪಾತ್ರೆಯ ಕಡೆಗೆ. ಕೂಗಿದರೆ ಮಗುವಿಗೆ ಪರಚೀತು. ಪಾತ್ರೆ ನೋಡಿದೆ. ಕೋತಿಯ ಮುಖ ನೋಡಿದೆ. ಮತ್ತೆ ಪಾತ್ರೆ ನೋಡಿದೆ. ಮುಚ್ಚಳ ಕೈಯಲ್ಲೇ ಇತ್ತು. ಕೋತಿಯೂ ನನ್ನನ್ನು ನೋಡುತ್ತ ಕೈ ಗಾಳಿಯಲ್ಲೇ ಹಿಡಿದು ನಿಂತಿತು. ಚೆನ್ನಕ್ಕ ತನ್ನ ಜೀವಮಾನದಲ್ಲಿ ಅಷ್ಟು ಹೊತ್ತು ತಡೆದಿರಲಾರಳು.

ಆಗ ನನ್ನ ಪಕ್ಕದಿಂದ ಒಂದು ಸಣ್ಣ ದನಿ, ಕೋತಿಗೆ ಬಹಳ ಮರ್ಯಾದೆಯಿಂದ ಹೇಳಿತು:

"ಬಿಸಿ ಇದೆ."

ನಾನು ಅಲ್ಲಾಡಲಿಲ್ಲ. ಬಾಗಿಲಲ್ಲಿ ಸುಮಾ ಒದ್ದೆ ಬಟ್ಟೆಯ ಬಕೆಟ್ಟು ಹಿಡಿದು ನಿಂತಿದ್ದಳು, ಅವಳೂ ಅಲ್ಲಾಡಲಿಲ್ಲ. ಕದಲಿದರೆ ಆ ಮಾತು ಹಕ್ಕಿಯಂತೆ ಹಾರಿಹೋದೀತು ಅನ್ನುವ ಹೆದರಿಕೆ. ಗೌರಿ ಕೋತಿಯನ್ನೇ ನೋಡುತ್ತ, ಅದಕ್ಕೆ ಕೇಳಿಸಲಿಲ್ಲವೇನೋ ಎಂದು, ಇನ್ನೊಂದು ಸಲ ಹೇಳಿದಳು. "ಬಿಸಿ ಇದೆ." ಸುಮಾಳ ಕೈಯಿಂದ ಬಕೆಟ್ಟು ಜಾರಿ ಬಿತ್ತು. ಕೋತಿ ಓಡಿತು. ಸುಮಾ ನೆಲದ ಮೇಲೆ ಕೂತು ಅತ್ತಳು. ಈ ಸಲ ನಲ್ಲಿ ಬಿಡಲಿಲ್ಲ. ನಾನು ಮುಚ್ಚಳ ಹಿಡಿದುಕೊಂಡೇ ನಕ್ಕೆ, ಅತ್ತೆ, ಯಾವುದು ಯಾವುದೋ ನನಗೇ ತಿಳಿಯಲಿಲ್ಲ. ಗೌರಿ ನಮ್ಮಿಬ್ಬರನ್ನೂ ಬದಲಿಸಿ ಬದಲಿಸಿ ನೋಡಿ, ಬಾಯಿ ತೆರೆದಳು. ಇನ್ನೊಂದು ಮಾತಿಗಲ್ಲ, ತುತ್ತಿಗೆ.

ಸಂಜೆ ಗಿರೀಶ ಬಂದ. ಸುದ್ದಿ ಕೇಳಿ, ಬೂಟು ಬಿಚ್ಚದೆ ಒಳಗೆ ಬಂದು ಮಗಳ ಮುಂದೆ ಮಂಡಿಯೂರಿ, "ಸಾರು ಏನು ಪುಟ್ಟಾ?" ಅಂದ. ಅವಳು ಅವನ ಊಟದ ಡಬ್ಬಿ ತೆಗೆದು, ಮುಚ್ಚಳ ಎತ್ತಿ, ನೋಡಿ, ಅವನ ಮುಖ ನೋಡಿ, ಮತ್ತೆ ನೋಡಿ, ಅವನ ಜೀವ ಅರ್ಧ ತೆಗೆದು, ಆಮೇಲೆ ಹೇಳಿದಳು. ಖಾಲಿ ಡಬ್ಬಿ. ಅವನು ಬಹಳ ಹೊತ್ತು ಡಬ್ಬಿಯೊಳಗೇ ನೋಡುತ್ತ ಕೂತ.

ಆಮೇಲೆ ಶುರುವಾಯಿತು ಯಶಸ್ಸಿನ ಪಾಲುಗಾರಿಕೆ. ಗಿರೀಶ ಎಲ್ಲ ದೊಡ್ಡಪ್ಪನ ವಂಶದ ಗುಣ ಅಂದ. ತರಕಾರಿಯವಳು ಗಿಳಿಯ ಮಹಿಮೆ ಅಂದಳು. ನೀಲವ್ವ ಮಾತ್ರ "ಹನಮಪ್ಪನ ಬಂದಿದ್ದ ಬಿಡವ್ವಾ, ನೀವು ಬಕೆಟ್ಟ ಒಗದು ಓಡಿಸಿದಿರಿ" ಅಂತ ನಮ್ಮನ್ನೇ ಬೈದು, ಮಂಗಗಳಿಗೆ ಬಾಳೆಹಣ್ಣು ಹಾಕಿಸಿದರು. ಈಗ ಆ ಕಿಟಕಿಗೆ ದಿನಾ ಒಂದು ಸಂಸಾರವೇ ಬಂದು ಕೂತಿರುತ್ತದೆ. ನನಗೆ ಯಾರ ಪಾಲನ್ನೂ ಕಡಿಮೆ ಮಾಡುವ ಮನಸ್ಸಿಲ್ಲ. ಬಜೆಗೂ ಒಂದು ನಮಸ್ಕಾರ, ಗಂಟೆಗೂ ಒಂದು.

ಡಾಕ್ಟರಮ್ಮನ ಹತ್ತಿರ ಹೋದಾಗ ಅವರು ಬಗ್ಗಿ, "ಬೇಟಾ, ಆಪ್ ಕಾ ನಾಮ್ ಕ್ಯಾ ಹೈ?" ಅಂತ ಹೆಸರು ಕೇಳಿದರು. ಗೌರಿ ಅವರ ಮೇಜಿನ ಮೇಲಿದ್ದ ಹತ್ತಿಯ ಡಬ್ಬಿಯನ್ನು ಎಳೆದುಕೊಂಡಳು. ಮುಚ್ಚಳ ಎತ್ತಿದಳು. ಹತ್ತಿ ನೋಡಿದಳು. ಡಾಕ್ಟರಮ್ಮನನ್ನು ನೋಡಿದಳು. ಮತ್ತೆ ಹತ್ತಿ ನೋಡಿದಳು. ನಾನು ಬಾಯಿ ಹಾಕಲು ಹೋದೆ. ಡಾಕ್ಟರಮ್ಮ ಕೈ ಎತ್ತಿ ನನ್ನನ್ನು ತಡೆದರು. ಅವರು ಕಾದರು, ಆ ಹಾರ್ಮೋನಿಯಂ ಮಾಸ್ತರ ಹಾಗೆ, ಸ್ವಲ್ಪವೂ ಗಾಬರಿಯಾಗದೆ. "ಬಿಸಿ ಇದೆ" ಅಂದಳು ಗೌರಿ, ಮತ್ತೆ ಕಿಲಕಿಲ ನಕ್ಕಳು. ಸುಮಾ ಅರ್ಥ ಹೇಳಿದಾಗ ಡಾಕ್ಟರಮ್ಮ ನಗಲು ಶುರುಮಾಡಿದವರು ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳಬೇಕಾಯಿತು. ಆಮೇಲೆ ಹೇಳಿದರು, ಇನ್ನೂ ಆಗಾಗ ಬರುತ್ತಿರಿ, ಮಾಡುತ್ತಿರುವುದನ್ನು ಮಾಡುತ್ತಲೇ ಇರಿ, ಆದರೆ ಇನ್ನು ನಿದ್ದೆಗೆಡಬೇಡಿ. ಬೇರೆಯವರನ್ನು ತಮಾಷೆ ಮಾಡಲು ಬರುವ ಮಗುವಿಗೆ ಉಳಿದ ಮಾತುಗಳು ತಾವಾಗಿಯೇ ಹಿಂದೆ ಬರುತ್ತವೆ. ಅವತ್ತು ಮನೆಗೆ ಬಂದು ನಾವು ನಾಲ್ವರೂ ಹಗಲಿನಲ್ಲೇ ಗೊರಕೆ ಹೊಡೆದು ಮಲಗಿದೆವು.

ಅವರು ಹೇಳಿದ ಹಾಗೆಯೇ ಬಂದವು. ಅಜ್ಜಿ ಬಂತು, ಹಾಲು ಬಂತು, ಕೋತಿಯ ಬದಲು ಬಂದರ್ ಬಂತು. ಅರ್ಧ ಕನ್ನಡ, ಅರ್ಧ ಹಿಂದಿ, ನಡುವೆ ತರಕಾರಿಯವಳ ಭೋಜಪುರಿ. ಮೊದಲಾಗಿದ್ದರೆ ಕನ್ನಡ ಕೆಟ್ಟಿತಲ್ಲ ಅಂತ ಕೊರಗುತ್ತಿದ್ದೆನೇನೋ. ಈಗ ಯಾವ ಭಾಷೆಯಲ್ಲಿ ಬೈದರೂ ಪ್ರಸಾದ.

ಉಳಿದದ್ದು ನನ್ನ ಸಂಕಲ್ಪದ ವಿಚಾರ. ಚೆನ್ನಕ್ಕನ್ನ ಬಿಟ್ಟೆ ಅಂದವಳು ದಿನಾ ಚೆನ್ನಕ್ಕನಾಗಿ ಕುಣಿದದ್ದು ತಪ್ಪಾಯಿತೇ ಅಂತ ಶಾಸ್ತ್ರಿಗಳನ್ನು ಕೇಳಿದೆ. ಅವರು ಎಲೆಯಡಿಕೆಯ ಕವಳ ಒಂದು ದವಡೆಯಿಂದ ಇನ್ನೊಂದಕ್ಕೆ ಬದಲಿಸಿ ಯೋಚಿಸಿದರು. "ನೀವು ಬಿಟ್ಟದ್ದು ನೋಡೋದನ್ನ ಅಮ್ಮ. ಮಾಡೋದನ್ನ ಎಲ್ಲಿ ಬಿಟ್ರಿ? ಮಾವಿನಹಣ್ಣು ಬಿಟ್ಟವರು ಮಾವಿನ ಗಿಡ ನೆಡಬಾರದೇನು?" ಅಂದರು. ನೋಡುವುದಕ್ಕೆ ಅನುಮತಿ ಇದೆಯೇ ಅಂದೆ. ಇಲ್ಲ ಅಂದರು. ಗಂಗೆಗೆ ಕೊಟ್ಟ ಮಾತು ಗಂಗೆಯದು.

ಸರಿ. ಈಗ ಭಾನುವಾರ ಮಧ್ಯಾಹ್ನ, ಡಾಕ್ಟರಮ್ಮನ ಅಪ್ಪಣೆ ಪಡೆದು, ಗೌರಿಗೆ ಚೆನ್ನಕ್ಕನ ಒಂದೇ ಒಂದು ಕಂತು. ಸುಮಾ ಮೊ­ಬೈಲನ್ನು ಹಿಟ್ಟಿನ ಡಬ್ಬಕ್ಕೆ ಒರಗಿಸಿ ಇಡುತ್ತಾಳೆ. ಅವರು ಮೂವರೂ ಅದರ ಮುಂದೆ ಕೂರುತ್ತಾರೆ. ನಾನು ಅದಕ್ಕೆ ಬೆನ್ನು ಮಾಡಿ, ಗೋಡೆಯ ಕ್ಯಾಲೆಂಡರ್ ನೋಡುತ್ತ ಕೂರುತ್ತೇನೆ. "ಒಂದ್ಸಲ ತಿರುಗಮ್ಮ, ಯಾರು ನೋಡ್ತಾರೆ?" ಅನ್ನುತ್ತಾಳೆ ಸುಮಾ. ಗಂಗೆ ನೋಡುತ್ತಾಳೆ. ಅಲ್ಲದೆ ನನಗೆ ತಿರುಗುವ ಅಗತ್ಯವೂ ಇಲ್ಲ. ಒಂದು ಕಾಲದಲ್ಲಿ ಮಾಡಿನ ಮೇಲೆ ನಿಂತು ನಮ್ಮ ಯಜಮಾನರು ನೋಡುತ್ತಿದ್ದ ಹಾಗೆ ನಾನೀಗ ನೋಡುತ್ತೇನೆ. ಅವರಿಗೆ ಬರೀ ನಗು ಕೇಳಿಸುತ್ತಿತ್ತು. ನನಗೆ ಹೇಳುವವರೇ ಇದ್ದಾರೆ. ಗೌರಿ ನನ್ನ ಬೆನ್ನಿಗೆ ಬೆನ್ನು ತಾಗಿಸಿ ಕೂತು ಎಲ್ಲವನ್ನೂ ಒಪ್ಪಿಸುತ್ತಾಳೆ.

"ಅಜ್ಜಿ, ಅಂಕಲ್ ಬಂದ."

"ಬಂದನಾ?"

"ಢಕ್ಕನ್ ತೆಗದ್ಳು. ನೋಡ್ತಾಳೆ. ಅಂಕಲ್ ನೋಡ್ತಾಳೆ. ಫಿರ್ ನೋಡ್ತಾಳೆ."

ಆಮೇಲೆ ಸದ್ದಿಲ್ಲ. ಮೊಬೈಲಿನಲ್ಲೂ ಇಲ್ಲ, ನನ್ನ ಬೆನ್ನಿನ ಹಿಂದೆಯೂ ಇಲ್ಲ. ವರ್ಷವೆಲ್ಲ ನಮ್ಮನ್ನು ಹೆದರಿಸಿದ್ದು ಇದೇ ನಿಶ್ಶಬ್ದ. ಈಗ ಅದೇ ನಿಶ್ಶಬ್ದದಲ್ಲಿ ನಾನು ನಗು ತಡೆಯಲಾರದೆ ಸೆರಗು ಕಚ್ಚಿಕೊಂಡು ಕೂತಿರುತ್ತೇನೆ. ಬೆನ್ನಿಗೆ ತಾಗಿದ ಪುಟ್ಟ ಬೆನ್ನೂ ನಗುವಿಗೆ ಅಲುಗುವುದು ಗೊತ್ತಾಗುತ್ತದೆ.

"ಅಜ್ಜಿ, ಹೇಳ್ಲಾ?" ಅಂತ ಪಿಸುಗುಟ್ಟುತ್ತಾಳೆ.

"ನಿಧಾನವಾಗಿ ಹೇಳು ಪುಟ್ಟಾ," ಅನ್ನುತ್ತೇನೆ. "ಕಾಶಿಗೆ ಬಂದಿದೀನಿ ಅಂತ ನನಗೇನೂ ಅವಸರ ಇಲ್ಲ."